ಮೊಣಕಾಲಿಗೆ ಹಚ್ಚಿದ ಮೆಣಸಿನಕಾಯಿ

ಮಾನ್ಯ ಸಂಪಾದಕರೇ,

ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ 31 ವರ್ಷ ಲೆಕ್ಕ ಬರೆದವನು ನಾನು. ಮೆಣಸಿನಕಾಯಿ ಘಾಟಿಗೆ ಸೀನುವುದನ್ನೇ ಮರೆತ ಮೂಗು ನನ್ನದು.

ಮೊಣಕಾಲು ಸವೆದು ಮೆಟ್ಟಿಲು ಹತ್ತಲಾಗದೆ ಒದ್ದಾಡುವಾಗ ಮೊಬೈಲಿಗೊಂದು ವಿಡಿಯೊ ಬಂತು. ಖಾರದ ಪುಡಿಯನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ ಹಚ್ಚಿದರೆ ನೋವು ಮಾಯವಂತೆ. ನಮ್ಮ ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಮ್ಮಿ. ಸಾಲದೆಂದು ಗುಂಟೂರು ಕಾಯಿ ಕುಟ್ಟಿಸಿದೆ. ಮೇಲೆ ಬಟ್ಟೆ ಬೇರೆ ಬಿಗಿದೆ. ಬೆಳಗ್ಗೆ ಬಿಚ್ಚಿದರೆ ಅವರೆಕಾಳಿನಷ್ಟು ಗುಳ್ಳೆಗಳು.

ಡಾಕ್ಟರು ಬೈದರು. ಗುಳ್ಳೆ ಮಾಯ್ದ ಮೇಲೆ ಕ್ಯಾಪ್ಸೈಸಿನ್ ಮುಲಾಮು ಬರೆದುಕೊಟ್ಟರು. ಅದೂ ಮೆಣಸಿನಕಾಯಿ ಖಾರವೇ, ಆದರೆ ಶೇ 0.025, ಅಂದರೆ ನೂರು ಗ್ರಾಂ ಮುಲಾಮಿನಲ್ಲಿ 25 ಮಿಲಿಗ್ರಾಂ. ಬಿಸಿ ತಗುಲಿದಾಗ ‘ಸುಟ್ಟಿತು’ ಎಂದು ಸುದ್ದಿ ಮುಟ್ಟಿಸುವ ನರದ ತುದಿಯನ್ನೇ ಈ ಖಾರವೂ ಕೆಣಕುತ್ತದೆ. ದಿನಾ ಕೆಣಕಿದರೆ ಅದು ಸೋತು ಸುಮ್ಮನಾಗುತ್ತದೆ. ಆ ತುದಿಯಲ್ಲಿ ಖಾರವನ್ನೂ ಬಿಸಿಯನ್ನೂ ಪತ್ತೆಹಚ್ಚುವ ಗ್ರಾಹಕವನ್ನು (ರಿಸೆಪ್ಟರ್) 1997ರಲ್ಲಿ ಗುರುತಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ 2021ರ ನೊಬೆಲ್‌ನಲ್ಲಿ ಪಾಲು ಪಡೆದರು. ಸವೆದ ಕೀಲು ಮಾತ್ರ ಇದರಿಂದ ಮತ್ತೆ ಬೆಳೆಯುವುದಿಲ್ಲ.

ನನ್ನ ತಕರಾರು ಬೇರೆ. ಔಷಧ ಅಂಗಡಿಯವರು ‘ದಿನಕ್ಕೆ ಮೂರು ಸಲ’ ಎಂದರು, ಅಷ್ಟೇ. ಒಳಗಿನ ಚೀಟಿ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರ. ಮೊದಲ ದಿನವೇ ಮುಲಾಮು ಹಚ್ಚಿ, ಬರೀ ನೀರಲ್ಲಿ ಕೈ ತೊಳೆದು, ಕಣ್ಣುಜ್ಜಿಕೊಂಡೆ. ಮೊಮ್ಮಗ ತಂಬಿಗೆಗಟ್ಟಲೆ ನೀರು ಸುರಿದ. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ ಆಮೇಲೆ ಸಾಬೂನು ಹಾಕುವುದನ್ನು ಅಷ್ಟು ವರ್ಷ ನೋಡಿದ್ದೆ. ಖಾರ ಬಿಡುವುದು ಎಣ್ಣೆಗೆ, ನೀರಿಗಲ್ಲ. ಟ್ಯೂಬಿನಲ್ಲಿರುವುದೂ ಅದೇ ಎಂದು ಹೊಳೆಯಬೇಡವೇ! ಮೊದಮೊದಲು ಉರಿಯುತ್ತದೆ, ಗುಣ ಕಾಣಲು ವಾರಗಳೇ ಬೇಕು ಎಂದೂ ಯಾರೂ ಹೇಳದ್ದರಿಂದ ನಾಲ್ಕನೇ ದಿನ ಟ್ಯೂಬು ಕಪಾಟು ಸೇರಿತು. ಡಾಕ್ಟರು ಮತ್ತೆ ಬೈದ ಮೇಲೆ ಹೊರಬಂತು. ಈಗ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತೇನೆ.

ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಆ ವಿಡಿಯೊ ನಂಬಿದರೆ ಗುಳ್ಳೆ ಎದ್ದದ್ದೂ ತಿಳಿಯದು. ಅವರ ನರನೋವಿಗೆ, ಸರ್ಪಸುತ್ತು ಬಿಟ್ಟುಹೋಗುವ ಉರಿಗೆ ಅಮೆರಿಕದಲ್ಲಿ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ, ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ. ಅದನ್ನು ವೈದ್ಯರ ಉಸ್ತುವಾರಿಯಲ್ಲೇ ಅಂಟಿಸಿ, ಅರ್ಧ ಗಂಟೆಗೋ ಒಂದು ಗಂಟೆಗೋ ತೆಗೆಯುತ್ತಾರೆ. ಒಗ್ಗರಣೆ ಸೌಟಿನ ಕೆಲಸವಲ್ಲ ಅದು.

ಕೈಯನ್ನು ಸಾಬೂನಿನಿಂದ ತೊಳೆಯಿರಿ, ಗಾಯದ ಮೇಲೆ ಹಚ್ಚಬೇಡಿ, ಹಚ್ಚಿದಲ್ಲಿ ಶಾಖ ಕೊಡಬೇಡಿ: ಇಷ್ಟನ್ನು ಕನ್ನಡದಲ್ಲಿ ಅಚ್ಚು ಹಾಕಲಿ. ಗಿಡಕ್ಕೆ ಹೊಡೆಯುವ ಕೀಟನಾಶಕದ ಚೀಟಿಯಲ್ಲಿ ಕನ್ನಡ ಇರುತ್ತದೆ, ಮೊಣಕಾಲಿನ ಮುಲಾಮಿನಲ್ಲಿ ಏಕಿಲ್ಲ?

– ನಿವೃತ್ತ ಗುಮಾಸ್ತ, ಬ್ಯಾಡಗಿ