‘ಅಲ್ಲಲ್ಲಿ ಮಳೆ’ ಎಂದರೆ ಎಲ್ಲೆಲ್ಲಿ?

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಕರಾವಳಿ ಪುಟದಲ್ಲಿ ವಾರಕ್ಕೆ ನಾಲ್ಕು ದಿನ ಒಂದೇ ಶೀರ್ಷಿಕೆ: ‘ಇಂದು ಯೆಲ್ಲೋ ಅಲರ್ಟ್, ಅಲ್ಲಲ್ಲಿ ಗುಡುಗು ಸಹಿತ ಮಳೆ’. ಅದನ್ನು ಓದಿದ ಮಂಗಳೂರಿನವರು ಕೊಡೆ ಹಿಡಿದು ಹೊರಟು, ಸಂಜೆ ಬೆವರು ಒರೆಸಿಕೊಂಡು ಮನೆಗೆ ಬರುತ್ತಾರೆ. ಅದೇ ಹೊತ್ತಿಗೆ ಸುಳ್ಯದ ಕಡೆ ಅಡಿಕೆ ಮರಗಳು ಮುರಿದು ಬಿದ್ದಿರುತ್ತವೆ. ಮರುದಿನ ಎಲ್ಲರ ಬಾಯಲ್ಲೂ ‘ಹವಾಮಾನ ಇಲಾಖೆ ಹೇಳಿದ್ದು ಆಗುವುದೇ ಇಲ್ಲ’ ಎಂಬ ಮಾತು. ಆದರೆ ಮುನ್ಸೂಚನೆಯಲ್ಲಿದ್ದ ಅರ್ಧ ವಿಷಯ ಪತ್ರಿಕೆಗೆ ಬರುವಷ್ಟರಲ್ಲಿ ಸೋರಿಹೋಗಿರುತ್ತದೆ ಎಂಬುದು ನಮ್ಮ ದೂರು.

ಇಲಾಖೆಯ ಪ್ರಕಟಣೆಯಲ್ಲಿ ಪ್ರತಿ ಪದಕ್ಕೂ ಲೆಕ್ಕವಿದೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ರವರೆಗೆ ಮಾತ್ರ ಮಳೆ ಸಾಧ್ಯ. ‘ಕೆಲವು ಕಡೆ’ ಎಂದರೆ ಶೇ 26ರಿಂದ 50, ‘ಹಲವು ಕಡೆ’ ಎಂದರೆ 51ರಿಂದ 75, ‘ಬಹುತೇಕ ಕಡೆ’ ಎಂದರೆ ಅದಕ್ಕೂ ಮೇಲೆ. ಪತ್ರಿಕೆಯಲ್ಲಿ ಈ ನಾಲ್ಕೂ ‘ಅಲ್ಲಲ್ಲಿ’ ಆಗಿಬಿಡುತ್ತವೆ. ‘ಒಂದೆರಡು ಕಡೆ’ ಎಂದ ದಿನ ನಾಲ್ಕರಲ್ಲಿ ಮೂರು ಊರು ಒಣಗಿದ್ದರೂ ಮುನ್ಸೂಚನೆ ಸರಿಯೇ. ‘ಭಾರಿ ಮಳೆ’ಗೂ ಅಳತೆ ಇದೆ: 24 ಗಂಟೆಯಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಹತ್ತು ನಿಮಿಷ ದಬದಬ ಸುರಿದು 15 ಮಿ.ಮೀ. ಬಿದ್ದರೆ ಚರಂಡಿ ಉಕ್ಕಬಹುದು, ಇಲಾಖೆಯ ಲೆಕ್ಕದಲ್ಲಿ ಅದು ಭಾರಿ ಮಳೆಯಲ್ಲ. ಇನ್ನು, ಮಳೆಯ ದಿನ ಶುರುವಾಗುವುದು ಮಧ್ಯರಾತ್ರಿಗಲ್ಲ, ಬೆಳಿಗ್ಗೆ 8.30ಕ್ಕೆ. ಸೋಮವಾರ ಸಂಜೆ ಬಿದ್ದ ಮಳೆ ಮಂಗಳವಾರದ ಲೆಕ್ಕಕ್ಕೆ ಸೇರುತ್ತದೆ. ಇದನ್ನು ಹೇಳದೆ ಅಂಕಿ ಹಾಕಿದರೆ ಓದುಗರಿಗೆ ಗೊಂದಲ.

ಬೇಸಿಗೆ ಮಳೆಗೆ ಹೊತ್ತೂ ದಿಕ್ಕೂ ಇದೆ, ಅದು ಮುಂಗಾರಿನ ಹಾಗಲ್ಲ. ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಮೂಡುಗಾಳಿ. ಬಿಸಿಲೇರಿ ನೆಲ ಕಾದ ಮೇಲೆ, ಹೆಚ್ಚುಕಡಿಮೆ ಹನ್ನೊಂದರ ಸುಮಾರಿಗೆ, ಕಡಲಗಾಳಿ ಒಳಗೆ ನುಗ್ಗುತ್ತದೆ. ಈ ಒದ್ದೆ ಗಾಳಿ ಘಟ್ಟದ ಬುಡ ಮುಟ್ಟಿ ಮೇಲೇರುವಾಗ ಮೋಡ ಕಟ್ಟುತ್ತದೆ. ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಹೂಕೋಸಿನಂತೆ ಉಬ್ಬಿದ ಮೋಡದ ನೆತ್ತಿ ಚಪ್ಪಟೆಯಾಗಿ ಅಗಲವಾಗತೊಡಗಿದರೆ ಅದು ಗುಡುಗಿನ ಮೋಡವೇ. ಹಾಗಾಗಿ ಸುಳ್ಯ, ಬೆಳ್ತಂಗಡಿ, ಕಾರ್ಕಳದ ಕಡೆ ಮೂರರಿಂದ ಆರರೊಳಗೆ ಮಳೆ. ಮೇಲಿನ ಗಾಳಿ ಮೂಡಣದ್ದಾದರೆ ಅದೇ ಮೋಡ ಪಡುವಣಕ್ಕೆ ಸರಿದು ರಾತ್ರಿ ಕಡಲ ತಡಿಗೂ ತಲುಪೀತು. ಪಡುವಣದ್ದಾದರೆ ಘಟ್ಟ ಹತ್ತಿ ಮಲೆನಾಡಿಗೆ ಹೋಗುತ್ತದೆ. ಕರಾವಳಿ ಮಳೆ ಎಂದರೆ ಕಡಲಿಂದ ಬರುವುದು ಎಂಬ ರೂಢಿಯ ನಂಬಿಕೆ ಬೇಸಿಗೆಯ ಈ ತಿಂಗಳುಗಳಲ್ಲಿ ತಲೆಕೆಳಗು. ಜೋರು ಮಳೆಯಾದ ಮರುದಿನ ನೆಲ ತಣ್ಣಗಿದ್ದು, ಉಳಿದ ಮೋಡ ಬಿಸಿಲನ್ನೂ ತಡೆಯುವುದರಿಂದ ಸಾಮಾನ್ಯವಾಗಿ ಒಂದು ದಿನ ಬಿಡುವು. ಆ ಬಿಡುವನ್ನು ‘ಮಳೆ ಹಿಂದೆ ಸರಿಯಿತು’ ಎಂದು ಬರೆಯಬೇಕಿಲ್ಲ.

ಕೆಲವು ದಿನ ಮೂಡುಗಾಳಿ ಜೋರಾಗಿದ್ದು ಕಡಲಗಾಳಿ ತಡವಾಗುತ್ತದೆ. ಘಟ್ಟದಿಂದ ಇಳಿಯುವ ಗಾಳಿ ಇಳಿಯುತ್ತಲೇ ಬಿಸಿಯಾಗುವುದರಿಂದ ಮಧ್ಯಾಹ್ನದ ಉಷ್ಣಾಂಶ ಏಕಾಏಕಿ ಏರುತ್ತದೆ. ಬಯಲಿಗೆ 40 ಡಿಗ್ರಿ ಬಿಸಿಗಾಳಿಯ ಮಿತಿ. ಕರಾವಳಿಗೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿದ್ದರೆ ಸಾಕು. ಕಲಬುರ್ಗಿಯ 42ರ ಪಕ್ಕ ಕಾರವಾರದ 37 ಅನ್ನು ಅಚ್ಚು ಹಾಕಿ ‘ಕರಾವಳಿಯಲ್ಲಿ ಹಿತಕರ’ ಎನ್ನುವುದು ಸರಿಯಲ್ಲ.

ಇನ್ನೊಂದು ಚಟ: ಹನಿ ಬಿದ್ದರೆ ಸಾಕು, ‘ವಾಯುಭಾರ ಕುಸಿತದ ಪರಿಣಾಮ’. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂದಾಗ ಆ ಮಾತು ಸರಿ. ಆಗ ಹಗಲು ರಾತ್ರಿ ಎನ್ನದೆ ಮಳೆ ಸುರಿಯಿತು, ಕಡಲೂ ಕೆರಳಿತು. ನಾಲ್ಕು ಗಂಟೆಗೆ ಗುಡುಗಿ ಆರಕ್ಕೆ ಆಕಾಶ ತಿಳಿಯಾಗುವ ಮಳೆಗೆ ಕಾರಣ ಬಿಸಿಲು, ತೇವ ಮತ್ತು ಘಟ್ಟ. ಹೆಚ್ಚೆಂದರೆ ಒಳನಾಡಿನ ಮೇಲೆ ಹಾದುಹೋದ ಒಂದು ದ್ರೋಣಿ, ಅಂದರೆ ಗಾಳಿಯ ಒತ್ತಡ ಕಡಿಮೆಯಿರುವ ಉದ್ದನೆಯ ಪಟ್ಟಿ. ಈ ವ್ಯತ್ಯಾಸ ತಿಳಿದರೆ ದಿನದ ಕೆಲಸವನ್ನೇ ಬೇರೆ ರೀತಿ ಹೊಂದಿಸಬಹುದು.

ಸಿಪ್ಪೆ ಸಮೇತ ಒಣಗಿಸಲು ಅಂಗಳದಲ್ಲಿ ಹರಡಿದ ಚಾಲಿ ಅಡಿಕೆಯನ್ನೇ ನೋಡಿ. ಒಂದೂವರೆ ತಿಂಗಳ ಬಿಸಿಲು ಬೇಡುವ ಅಡಿಕೆಗೆ ಹತ್ತು ನಿಮಿಷದ ಮಳೆ ಸಾಕು ಬೂಸ್ಟು ಹಿಡಿಯಲು. ಗಾಬರಿಯಲ್ಲಿ ಕಾದ ಅಡಿಕೆಯ ಮೇಲೆ ನೇರ ಟರ್ಪಾಲು ಎಳೆದರೆ ಒಳಗೇ ಬೆವರಿ ಅದೇ ಗತಿ. ಎರಡು ಗಂಟೆಗೆ ಮೂಡಣದಲ್ಲಿ ಮೋಡ ಕಂಡಾಗಲೇ ರಾಶಿ ಮಾಡಿ, ಸ್ವಲ್ಪ ಬಿಸಿ ಆರಲು ಬಿಟ್ಟು, ಟರ್ಪಾಲಿನ ಕೆಳಗೆ ಎರಡು ಬಿದಿರು ಅಡ್ಡ ಇಟ್ಟು ಗಾಳಿಗೆ ಸಂದು ಕೊಟ್ಟು ಮುಚ್ಚಬೇಕು. ಬೆಳಿಗ್ಗೆ ಬಿಸಿಲು ತಾಗುವ ಮೊದಲೇ ತೆಗೆಯಬೇಕು.

ಮೇ ಕೊನೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರಿಗೂ ಬೆಳಗಿನ ಹೊತ್ತೇ ಗತಿ. 50 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, ಇನ್ನೊಂದು 50 ಲೀಟರಿಗೆ 1 ಕೆ.ಜಿ. ಸುಣ್ಣ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕಲಕಬೇಕು. ಕಬ್ಬಿಣದ ಕತ್ತಿ ಅದ್ದಿದಾಗ ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು. ಮಾಡಿದ ದಿನವೇ ಮುಗಿಸಬೇಕು, ಗೊನೆಯ ಮೇಲೆ ಒಣಗಿ ಹಿಡಿಯಬೇಕು. ‘ಮಳೆ ಸಾಧ್ಯತೆ’ ಎಂದಷ್ಟೇ ಬರೆದರೆ ಜನ ಇಡೀ ದಿನ ಕೈಬಿಡುತ್ತಾರೆ. ‘ಮೂರರ ನಂತರ’ ಎಂದು ಬರೆದರೆ ಅರ್ಧ ತೋಟ ಮುಗಿಸುತ್ತಾರೆ.

ಸಿಡಿಲಿನ ವಿಷಯದಲ್ಲಿ ಪತ್ರಿಕೆ ಇನ್ನಷ್ಟು ಜಾಗ ಕೊಡಬೇಕು. ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ದೂರ ಕಿ.ಮೀ.ನಲ್ಲಿ ಸಿಗುತ್ತದೆ. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ, ತಲೆಯ ಮೇಲೆ ಮಳೆ ಇಲ್ಲದಿದ್ದರೂ ಒಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬಾರದು. ಒಣಹಾಕಿದ ಬಟ್ಟೆ ತೆಗೆಯಲು ತಾರಸಿಗೆ ಓಡುವುದು, ಮಾವಿನ ಮರದಡಿ ಬೈಕ್ ನಿಲ್ಲಿಸಿ ನಿಲ್ಲುವುದು, ಇವೇ ಅಪಾಯದ ಹೊತ್ತು. ಮನೆಯಲ್ಲಿ ಮೀಟರ್ ಬೋರ್ಡಿನ ಸಾಮಾನ್ಯ ಎಂಸಿಬಿ ಸ್ವಿಚ್ ಕೆಳಗೆ ಹಾಕಿದರೆ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ತಂತಿ ಹಾಗೇ ಉಳಿಯುತ್ತದೆ. ಟಿವಿ, ಮೋಡೆಮ್‌ಗಳ ಪ್ಲಗ್ಗನ್ನೇ ಕಿತ್ತಿಡಬೇಕು, ಡಿಶ್‌ನಿಂದ ಬರುವ ಕೇಬಲ್ ಕೂಡ. ಇದೆಲ್ಲ ಮೋಡ ಕಂಡಾಗ ಮಾಡುವ ಕೆಲಸ, ಸಿಡಿಲು ಹೊಡೆಯುವಾಗ ಅಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ; ಅದರ ಹೆಸರನ್ನಾದರೂ ದಿನಾ ಒಂದು ಮೂಲೆಯಲ್ಲಿ ಹಾಕಿ.

ಕಡಲಿನವರಿಗೆ ಎರಡು ಬೇರೆ ಬೇರೆ ಎಚ್ಚರಿಕೆ ಬೇಕು. ಮೊದಲನೆಯದು ಸಂಜೆಯ ಗಾಳಿಯದು. ಗುಡುಗಿನ ಮೋಡದಿಂದ ಕುಸಿದು ಬರುವ ತಣ್ಣನೆ ಗಾಳಿ ಮಳೆಗಿಂತ ಮೊದಲೇ ತಲುಪುತ್ತದೆ. ನೆಲದಿಂದ ಬೀಸುವುದರಿಂದ ನಾಡದೋಣಿಯನ್ನು ಹೊರಕಡಲಿಗೆ ತಳ್ಳುತ್ತದೆ. ಎರಡನೆಯದಕ್ಕೆ ಮೋಡವೇ ಬೇಡ. ದಕ್ಷಿಣ ಹಿಂದೂ ಮಹಾಸಾಗರದಲ್ಲೆದ್ದ ಉದ್ದ ಅಲೆಗಳು ದಿನಗಟ್ಟಲೆ ಸಾಗಿ, ಗಾಳಿಯಿಲ್ಲದ ತಿಳಿ ಆಕಾಶದ ದಿನ ದಡ ದಾಟಿ ನುಗ್ಗುತ್ತವೆ. ಕೇರಳದವರು ಇದನ್ನು ‘ಕಳ್ಳಕ್ಕಡಲ್’ ಎನ್ನುತ್ತಾರೆ, ನಮಗೆ ಅನುವಾದವೂ ಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಭರತದ ಹೊತ್ತಿಗೆ ಕೂಡಿಬಂದರೆ ಹಾನಿ ಹೆಚ್ಚು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ‘ಇನ್‌ಕಾಯಿಸ್’ ಮುಂಚಿತವಾಗಿ ಕೊಡುವ ಈ ಸೂಚನೆಯನ್ನು ಮಳೆ ಸುದ್ದಿಯೊಳಗೆ ಬೆರೆಸಬೇಡಿ, ಬೇರೆಯೇ ಪೆಟ್ಟಿಗೆಯಲ್ಲಿ ಹಾಕಿ.

ನಮ್ಮ ಕೋರಿಕೆ ದೊಡ್ಡದೇನಲ್ಲ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಜಿಲ್ಲೆಯನ್ನು ಕಡಲತಡಿ, ನಡುನಾಡು, ಘಟ್ಟದ ಬುಡ ಎಂದು ಮೂರು ಸಾಲು ಮಾಡಿ. ಪ್ರತಿ ಸಾಲಿಗೆ ಮಳೆಯ ಸಂಭವನೀಯ ಹೊತ್ತು, ಗಾಳಿಯ ದಿಕ್ಕು, ‘ಒಂದೆರಡು’, ‘ಕೆಲವು’, ‘ಹಲವು’ ಪದವನ್ನು ಇದ್ದ ಹಾಗೇ ಕೊಡಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಹಾಗಾಗಿ ಊರುವಾರು ಅಂಕಿಗೆ ಬರವಿಲ್ಲ. ತೋಟದಲ್ಲಿ ತಾವೇ ಮಳೆ ಅಳೆದು ಬರೆದಿಡುವವರೂ ಕಡಿಮೆಯಿಲ್ಲ. ಅವರಿಂದ ಅಂಕಿ ತರಿಸಿಕೊಳ್ಳುವುದಾದರೆ ಮೂರೇ ನಿಯಮ ಹಾಕಿ: ಮಾಪಕ ಮರದ ಎತ್ತರದ ಎರಡರಷ್ಟು ದೂರದಲ್ಲಿರಲಿ, ಓದುವುದು ಬೆಳಿಗ್ಗೆ 8.30ಕ್ಕೆ ಇರಲಿ, ಮತ್ತು ತಳ ಉಬ್ಬಿದ ತಂಪುಪಾನೀಯದ ಬಾಟಲಿ ಕತ್ತರಿಸಿ ಸ್ಕೇಲ್ ಅಂಟಿಸಿದ್ದು ಬೇಡ, ಅದರಲ್ಲಿ ಮೊದಲ ಕೆಲವು ಮಿಲಿಮೀಟರ್ ಎಂದೂ ಸರಿ ಬರುವುದಿಲ್ಲ.

ಇಂತಿ,
ಮಳೆ ಲೆಕ್ಕ ಇಡುವ ಕೆಲವು ಓದುಗರು
ದಕ್ಷಿಣ ಕನ್ನಡ