‘ಐ’ ಘಾತಗಳನ್ನು ಉರುಹೊಡೆಸುವುದು ಬೇಡ

ಮಾನ್ಯ ಸಂಪಾದಕರೇ,

ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಮಕ್ಕಳಿಗೆ ಹನ್ನೊಂದನೇ ತರಗತಿಯಾದ ಪ್ಲಸ್ ವನ್‌ನಲ್ಲಿ ಗಣಿತ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಆಗ ಸಂಕೀರ್ಣ ಸಂಖ್ಯೆಗಳ ಪಾಠದಲ್ಲಿ ಬರುವ, ವರ್ಗ ಮಾಡಿದರೆ -1 ಆಗುವ ‘ಐ’ (i) ಎಂಬ ಸಂಖ್ಯೆಯ ಘಾತಗಳು ಬರೀ ಬಾಯಿಪಾಠದ ಪಟ್ಟಿಯಾಗಿಬಿಡುತ್ತವೆ. ಅದರ ಹಿಂದಿನ ಕಾರಣವನ್ನು ತರಗತಿಯಲ್ಲಿ ಕನ್ನಡದಲ್ಲೇ ಹೇಳಿಕೊಡಿ ಎಂದು ಅಧ್ಯಾಪಕರಲ್ಲಿ ವಿನಂತಿ.

ನೃಪತುಂಗನ ಕಾಲದ ಮಹಾವೀರಾಚಾರ್ಯ, ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಅದಕ್ಕೆ ವರ್ಗಮೂಲವಿಲ್ಲ ಎಂದಿದ್ದ. ಸಂಖ್ಯಾರೇಖೆಯ ಮೇಲಷ್ಟೇ ನಿಂತರೆ ಆ ಮಾತು ಇಂದಿಗೂ ಸರಿ. ರೇಖೆಯಿಂದ ಪಕ್ಕಕ್ಕೆ ತಿರುಗಿದರೆ ಮಾತ್ರ ದಾರಿಯಿದೆ. ವಿದ್ಯಾರ್ಥಿಯನ್ನು ಪೂರ್ವಕ್ಕೆ ಮುಖಮಾಡಿ ನಿಲ್ಲಿಸಿ, ಅದು 1. ‘ಐ’ಯಿಂದ ಗುಣಿಸುವುದೆಂದರೆ ಎಡಕ್ಕೆ ಕಾಲು ಸುತ್ತು ತಿರುಗುವುದು. ಉತ್ತರ ದಿಕ್ಕು ಐ, ಕಡಲಿರುವ ಪಶ್ಚಿಮ -1, ದಕ್ಷಿಣ -ಐ, ನಾಲ್ಕನೆಯ ಸಲ ಪುನಃ ಪೂರ್ವ.

ಹಾಗಾಗಿ ಘಾತಸೂಚಿಯನ್ನು 4ರಿಂದ ಭಾಗಿಸಿ ಶೇಷವನ್ನಷ್ಟೇ ನೋಡಬೇಕು. 100 ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಕೊನೆಯ ಎರಡು ಅಂಕಿ ಸಾಕು. ಐ²⁰²³ ಇದ್ದರೆ 23, ಶೇಷ 3, ಉತ್ತರ -ಐ. ಐ¹⁹⁵⁶ ಇದ್ದರೆ 56, ಶೇಷ 0, ಉತ್ತರ 1. ಇಲ್ಲಿ ಅನೇಕರು ಉತ್ತರವನ್ನೂ 0 ಎಂದೇ ಬರೆಯುತ್ತಾರೆ. ತಿರುಗದೆ ನಿಂತವನು ಪೂರ್ವಕ್ಕೇ ನೋಡುತ್ತಿರುತ್ತಾನಲ್ಲ! ಕ್ಯಾಲ್ಕುಲೇಟರ್ ಹಿಡಿದವರು 2023ನ್ನು 4ರಿಂದ ಭಾಗಿಸಿ 505.75 ಕಂಡು 75ನ್ನೇ ಶೇಷವೆಂದುಕೊಳ್ಳುವುದೂ ಉಂಟು; .25, .5, .75 ಎಂದರೆ ಶೇಷ ಕ್ರಮವಾಗಿ 1, 2, 3.

ಹೆಚ್ಚು ಅಂಕ ಹೋಗುವುದು ಋಣ ಘಾತದಲ್ಲಿ. ಐ⁻⁷⁵ ಕೊಟ್ಟರೆ, 75ರ ಶೇಷ 3 ಎಂದು ನೋಡಿ -ಐ ಬರೆದುಬಿಡುತ್ತಾರೆ. ಋಣ ಚಿಹ್ನೆ ಇದ್ದರೆ ತಿರುಗಬೇಕಾದದ್ದು ಬಲಕ್ಕೆ. ಬಲಕ್ಕೆ ಮೂರು ಸಲ ತಿರುಗಿದರೂ ಎಡಕ್ಕೆ ಒಮ್ಮೆ ತಿರುಗಿದರೂ ಮುಖ ಉತ್ತರಕ್ಕೇ, ಸರಿಯುತ್ತರ ಐ. ಬರವಣಿಗೆಯಲ್ಲಿ 75ಕ್ಕಿಂತ ದೊಡ್ಡದಾದ 4ರ ಗುಣಕ 76ನ್ನು ಕೂಡಿಸಿದರಾಯಿತು: -75 + 76 = 1. ಶೇಷ ಎಂದೂ ಋಣವಾಗಿರಬಾರದು ಎಂಬ ಮಾತನ್ನು ಮಕ್ಕಳಿಗೆ ಒತ್ತಿ ಹೇಳಬೇಕು.

ಆವರಣದ ವಿಷಯದಲ್ಲೂ ಎಚ್ಚರ ಬೇಕು. -ಐ⁶ = 1, ಆದರೆ (-ಐ)⁶ = -1. (2ಐ)⁵ ಎಂದರೆ 2ಐ ಅಲ್ಲ, 32ಐ. ಒಂದರ ಹಿಂದೊಂದು ಬರುವ ನಾಲ್ಕು ಘಾತಗಳ ಮೊತ್ತ ಸೊನ್ನೆ. ಆದ್ದರಿಂದ ಐ + ಐ² + … + ಐ²⁰²⁶ ಎಂಬ ಉದ್ದದ ಲೆಕ್ಕದಲ್ಲಿ ಕೊನೆಯ ಎರಡು ಪದಗಳು ಮಾತ್ರ ಉಳಿದು ಉತ್ತರ -1 + ಐ.

√-4 × √-9 ಅನ್ನು √36 ಮಾಡಿ 6 ಎನ್ನುವುದು ಬಲು ಹಳೆಯ ತಪ್ಪು. ಎರಡೂ ಋಣವಾದಾಗ ಆ ನಿಯಮ ನಡೆಯದು. ಮೊದಲು 2ಐ, 3ಐ ಎಂದು ಬರೆದು ಗುಣಿಸಿದರೆ 6ಐ², ಅಂದರೆ -6.

ಘಟಕ ಪರೀಕ್ಷೆಗಳಲ್ಲಿ ಇಂಥ ಲೆಕ್ಕ ಕೊಡುವಾಗ ಉತ್ತರಕ್ಕೆ ಒಂದು ಅಂಕ, ಶೇಷ ಕಂಡುಹಿಡಿದ ಸಾಲಿಗೆ ಇನ್ನೊಂದು ಅಂಕ ಇಡಿ. ಆ ಸಾಲನ್ನು ಕನ್ನಡದಲ್ಲಿ ಬರೆದರೂ ಅಂಕ ಸಿಗಲಿ.

— ಗಣಿತ ಅಧ್ಯಾಪಕರು, ಕುಂಬಳೆ