ನೀರು ಬಿಡುವ ಗಂಟೆಯನ್ನಾದರೂ ತಿಳಿಸಿ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ಸಾದರ ನಮಸ್ಕಾರಗಳು.

ಹುಬ್ಬಳ್ಳಿಯ ಅಂಚಿನ ಬಡಾವಣೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಸ್ವಂತ ಮನೆಯಲ್ಲಿ ವಾಸವಾಗಿರುವ ನಾನು ಈಗಾಗಲೇ ತಮಗೆ ಮೂರು ಮನವಿಗಳನ್ನು ಖುದ್ದಾಗಿ ಕೊಟ್ಟಿದ್ದೇನೆ. ಮೂರೂ ಸಲ ತಾವು ಅದನ್ನು ನಿಂತಲ್ಲೇ ಓದಿ, ಪಕ್ಕದಲ್ಲಿದ್ದವರ ಕೈಗಿತ್ತು, "ಇದನ್ನ ನೋಡ್ರಿ" ಎಂದಿರಿ. ಅವರು ನೋಡಿದರೋ ಇಲ್ಲವೋ ತಿಳಿಯದು. ಆದ್ದರಿಂದ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಾನು ಕೇಳುವುದು ಇಷ್ಟೇ: ನಮ್ಮ ಓಣಿಗೆ ನೀರು ಬಿಡುವ ದಿನ ಮತ್ತು ಗಂಟೆಯನ್ನು ಒಂದು ದಿನ ಮೊದಲೇ ತಿಳಿಸುವಂತೆ ಮಾಡಿ, ಮತ್ತು ನೀರನ್ನು ಹಗಲು ಹೊತ್ತಿನಲ್ಲಿ ಬಿಡಿಸಿ.

ಈ ಊರನ್ನು ಜರಿಯುವುದು ನನ್ನ ಉದ್ದೇಶವಲ್ಲ. ನವಲಗುಂದ ತಾಲೂಕಿನ ಹಳ್ಳಿಯಿಂದ ಮಕ್ಕಳ ಶಾಲೆಗೆಂದು ಬಂದ ನಮ್ಮನ್ನು ಹುಬ್ಬಳ್ಳಿ ಕೈಹಿಡಿದು ನಡೆಸಿದೆ. ಮಗಳು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿಬರುತ್ತಲೇ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಮುಗಿಸಿದಳು, ಹಾಸ್ಟೆಲಿನ ಒಂದು ರೂಪಾಯಿ ಖರ್ಚು ನಮ್ಮ ಮೇಲೆ ಬೀಳಲಿಲ್ಲ. ಮಗ ಬೆಂಗಳೂರಿನ ನೌಕರಿ ಬಿಟ್ಟು ಇಲ್ಲಿಗೇ ಮರಳಿದ, ಏಕೆಂದರೆ ಸಂಜೆ ಕೆಲಸ ಮುಗಿಸಿದವನು ಇಲ್ಲಿ ಇಪ್ಪತ್ತು ನಿಮಿಷದಲ್ಲಿ ಮನೆ ಸೇರಿ ತಾಯಿಯ ಕೈಯ ಬಿಸಿ ರೊಟ್ಟಿ ಉಣ್ಣಬಲ್ಲ. ಅವಳಿ ನಗರಕ್ಕೆ ಹೈಕೋರ್ಟ್ ಪೀಠ ಬಂತು, ಐಐಟಿ ಬಂತು, 2023ರಲ್ಲಿ ನಮ್ಮ ರೈಲು ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಅತಿ ಉದ್ದನೆಯದೆಂದು ಹೆಸರಾಯಿತು. ಇವೆಲ್ಲ ನನಗೂ ಅಭಿಮಾನದ ಸಂಗತಿಗಳೇ.

ಆದರೆ ಊರು ಬೆಳೆದ ಹಾಗೆ ನೀರಿನ ಪಾಳಿಯೂ ಬೆಳೆಯಿತು. ನಾವು ಬಂದ ಹೊಸದರಲ್ಲಿ ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ ನಳದ ನೀರು ಆಮೇಲೆ ಆರು ದಿನಕ್ಕಾಯಿತು, ಈಗ ಎಂಟು, ಕೆಲವೊಮ್ಮೆ ಹನ್ನೊಂದು. ನವಿಲುತೀರ್ಥದಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದ ಮಲಪ್ರಭೆಯ ನೀರು ನಮ್ಮ ಕಡೆಗೆ ಬರುವ ಅದೇ ಕೊಳವೆಗೆ ಬಡಾವಣೆಯ ಮೇಲೆ ಬಡಾವಣೆ ಜೋಡಿಸುತ್ತ ಹೋದರೆ, ಒಂದೊಂದೇ ವಾಲ್ವ್ ತಿರುಗಿಸಿ ಸರದಿಯಂತೆ ಬಿಡುವಾಗ ಕೊನೆಯ ಓಣಿಯ ಸರದಿ ಹಿಂದೆ ಬೀಳುವುದು ಸಹಜ. ನಡುವೆ ಎಲ್ಲೋ ಪೈಪು ಒಡೆದರೆ ಅಥವಾ ಪಂಪಿಗೆ ಕರೆಂಟು ಹೋದರೆ ಇಡೀ ಪಾಳಿಯೇ ಮುಂದಕ್ಕೆ ಹೋಗುತ್ತದೆ. ಇದು ನನಗಿಂತ ತಮಗೆ ಚೆನ್ನಾಗಿ ಗೊತ್ತು. ಬಡಾವಣೆಗೆ ಮಂಜೂರಾತಿ ಕೊಡುವಾಗ ನೀರಿನ ಬಗ್ಗೆ ನಿಯಮಗಳು ಏನು ಹೇಳುತ್ತವೆ ಎಂಬುದೂ ತಮಗೆ ಗೊತ್ತು. ವಾಲ್ವ್ ತಿರುಗಿಸುವ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ನಡುರಾತ್ರಿ ಸೈಕಲ್ ತುಳಿಯುತ್ತ ಬರುವ ಅವನಿಗೂ ಮನೆಯಿದೆ.

ಕಳೆದ ಬೇಸಿಗೆಯಲ್ಲಿ ನಡೆದದ್ದನ್ನು ಹೇಳಲೇಬೇಕು. ಹನ್ನೊಂದು ದಿನ ಕಾದ ಮೇಲೆ, ರಾತ್ರಿ ಎರಡೂವರೆಗೆ ಅಂಗಳದ ನಳ ಗಾಳಿ ಉಗುಳುವ ಸದ್ದಿಗೆ ನನ್ನ ಹೆಂಡತಿಗೆ ಎಚ್ಚರವಾಯಿತು. ಆ ಸದ್ದಿಗಾಗಿ ಅವಳು ಮೂರು ರಾತ್ರಿಗಳಿಂದ ಪಡಸಾಲೆಯಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು. ಮೊದಲು ಬರುವ ಕೆಂಪು ನೀರನ್ನು ಗಿಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಕುಡಿಯುವ ಕೊಡ ತುಂಬಿ, ಪೈಪನ್ನು ಸಂಪಿಗೆ ಹಾಕಲು ಹೋದವಳು ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಬಿದ್ದಲ್ಲಿಂದಲೇ ಅವಳು ಕೂಗಿ ಹೇಳಿದ ಮೊದಲ ಮಾತು, "ಪೈಪ್ ಸಂಪಿಗೆ ಹಾಕ್ರಿ, ನೀರು ಹೋದೀತು" ಎಂದು. ನಾನು ಹಾಕಿದೆ. ಹೆಂಡತಿಯನ್ನು ಎಬ್ಬಿಸುವ ಮೊದಲು ಪೈಪು ಎತ್ತಿಕೊಂಡೆ ಎಂಬುದನ್ನು ನೆನೆದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ನೀರು ನಿಂತಿತು, ಸಂಪು ಅರ್ಧವೂ ತುಂಬಲಿಲ್ಲ. ಅದಕ್ಕೂ ಐದು ದಿನ ಮೊದಲು ನೀರಿಲ್ಲವೆಂದು ನಾನು ಕೊಟ್ಟಿದ್ದ ದೂರಿಗೆ, ನಳ ಇನ್ನೂ ಒಣಗಿದ್ದಾಗಲೇ, "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂಬ ಸಂದೇಶ ಮೊಬೈಲಿಗೆ ಬಂದಿತ್ತು. ಯಾರು ಪರಿಹರಿಸಿದರು? ಯಾರ ಮನೆಯ ನಳ ನೋಡಿ ಹಾಗೆ ಬರೆದರು?

ಇದೇ ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರಲ್ಲೇ ದಿನದ 24 ಗಂಟೆ ನೀರು ಬಂತು. ಅಂಥದೊಂದು ವಾರ್ಡಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಒಂದು ಡ್ರಮ್ಮೂ ಇಲ್ಲ. ಅವಳು ಅಕ್ಕಿಯನ್ನು ನಳದ ಕೆಳಗೇ ತೊಳೆಯುತ್ತಾಳೆ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ತುಳಸಿಗೆ, ಬಟ್ಟೆ ಒಗೆದ ನೀರು ಪಾಯಖಾನೆಗೆ. ಅಕ್ಕನಿಗೆ ಸಿಕ್ಕದ್ದು ನನಗೂ ನಾಳೆಯೇ ಬೇಕೆಂದು ಕೇಳುತ್ತಿಲ್ಲ. ಹೊಸ ಕೊಳವೆಗೆಂದು ನಮ್ಮ ರಸ್ತೆ ಅಗೆದಿದ್ದಾರೆ, ಆ ಕೆಲಸ ಮುಗಿಯುವವರೆಗೆ ಕಾಯುತ್ತೇನೆ. ಆದರೆ ಕಾಯುವವನಿಗೆ ಗಂಟೆ ತಿಳಿದಿರಬೇಕು.

ಕಸದ ಗಾಡಿ ದಿನಾ ಮುಂಜಾನೆ ಹಾಡು ಹಾಕಿಕೊಂಡು ತನ್ನ ಹೊತ್ತಿಗೆ ಓಣಿಗೆ ಬರುತ್ತದೆ, ನೀರಿನ ಬಿಲ್ಲು ತಪ್ಪದೆ ಬರುತ್ತದೆ. ಬಿಲ್ಲಿಗೆ ಗೊತ್ತಿರುವ ನಮ್ಮ ಮನೆಯ ವಿಳಾಸ ಮತ್ತು ಮೊಬೈಲ್ ಸಂಖ್ಯೆ ನೀರು ಬಿಡುವವರಿಗೂ ಗೊತ್ತಿದೆ. ಯಾವ ವಾಲ್ವ್ ಯಾವಾಗ ತಿರುಗಿಸಬೇಕೆಂದು ಬರೆದಿಟ್ಟ ಸರದಿಯೂ ಅವರ ಬಳಿಯೇ ಇರಬೇಕು. ಅದರಲ್ಲಿ ನಮ್ಮ ಓಣಿಯ ಸಾಲನ್ನು ಹಿಂದಿನ ದಿನ ನಮಗೆ ಕಳುಹಿಸಲಿ. ಪಾಳಿ ತಪ್ಪಿದರೆ ತಪ್ಪಿತೆಂದು ತಿಳಿಸಲಿ, ನಾವು ಟ್ಯಾಂಕರಿಗೆ ಹೇಳಿ ನಿಶ್ಚಿಂತೆಯಿಂದ ಮಲಗುತ್ತೇವೆ. ನೀರು ಬಂದರೆ ಹಗಲಿನಲ್ಲಿ ಬರಲಿ.

ಈ ಪತ್ರ ಬರೆಯುವ ಹೊತ್ತಿಗೆ ನಮ್ಮ ಮನೆಗೆ ನೀರು ಬಂದು ಏಳು ದಿನಗಳಾಗಿವೆ. ಬೇಡವೆಂದರೂ ಕೇಳದೆ ಹೆಂಡತಿ ಇಂದು ಮತ್ತೆ ಪಡಸಾಲೆಯಲ್ಲಿ ಚಾಪೆ ಹಾಸಿದ್ದಾಳೆ. ಎಂದು, ಎಷ್ಟು ಗಂಟೆಗೆ ಬಿಡುತ್ತಾರೆಂದು ದಯವಿಟ್ಟು ವಿಚಾರಿಸಿ ತಿಳಿಸಿ.

ಇಂತಿ ತಮ್ಮ ಕ್ಷೇತ್ರದ ಮತದಾರ,
ಹುಬ್ಬಳ್ಳಿ